ಮುನ್ಷಿ ಜಂಬುಲಿಂಗಪ್ಪನ ನಾಶದ ಪಾಠ

ಮೊಳಕಾಲ್ಮೂರಿನ ದೊಡ್ಡೀರಪ್ಪನ ಮನೆಯಲ್ಲಿ ಮಗ್ಗಕ್ಕಿಂತ ಹೆಚ್ಚು ಸದ್ದು ಮಾಡುತ್ತಿದ್ದವನು ಅವನ ಮಗ ಜಂಬುಲಿಂಗಪ್ಪ. ಲಾಳಿ ಎಸೆಯುತ್ತ ಮಾತಾಡುತ್ತಿದ್ದ. ಮಾತಾಡುತ್ತ ಲಾಳಿ ಎಸೆಯುವುದನ್ನೇ ಮರೆಯುತ್ತಿದ್ದ. ಎಳೆ ಪಟ್ಟನೆ ಹರಿಯುತ್ತಿತ್ತು. ಕನ್ನಡ, ತೆಲುಗು ಎರಡೂ ಮನೆಮಾತು. ಚಿತ್ರದುರ್ಗದಲ್ಲಿ ಸೋದರಮಾವನ ಮನೆಯಲ್ಲಿದ್ದು ಒಂದಿಷ್ಟು ಇಂಗ್ಲಿಷನ್ನೂ ಕಲಿತು ಬಂದಿದ್ದರಿಂದ ಬಾಯಿಗೆ ಬಿಡುವೇ ಇರಲಿಲ್ಲ. ಕೊನೆಗೆ ದೊಡ್ಡೀರಪ್ಪನೇ ಕೈಮುಗಿದ.

"ನಿನ್ನ ಬಾಯಿಗೆ ಬ್ಯಾರೆ ಎಲ್ಲಾದ್ರೂ ಕೆಲಸ ಹುಡುಕ್ಕೋ ಮಗಾ. ನನ್ನ ಮಗ್ಗ ಉಳೀಲಿ."

ಹಾಗೆ ಜಂಬುಲಿಂಗಪ್ಪ ಚಳ್ಳಕೆರೆಗೆ ಬಂದು ಒಬ್ಬ ಪಾದ್ರಿಗೆ ಕನ್ನಡ ಹೇಳಿಕೊಡುವ ಮುನ್ಷಿಯಾದ. ಸಾವಿರದ ಒಂಬೈನೂರ ಎಂಟನೇ ಇಸವಿಯ ಸುಮಾರು. ಪಾದ್ರಿಯ ಹೆಸರು ವಿಟ್‌ಕಂಬ್. ಆಳೆತ್ತರಕ್ಕಿಂತ ಒಂದು ಗೇಣು ಮೇಲಿದ್ದ ಆತನನ್ನು ಊರವರು ಮೊದಲ ವಾರವೇ 'ಇಟ್ಟಕಂಬ ದೊರೆ' ಎಂದು ಕರೆದು ಕೈ ತೊಳೆದುಕೊಂಡಿದ್ದರು.

ಇಟ್ಟಕಂಬ ದೊರೆಗೆ ಒಂದು ಹುಚ್ಚಿತ್ತು. ತಮ್ಮ ಶಾಸ್ತ್ರದ ಮೂಲ ಹೀಬ್ರೂ ಮತ್ತು ಗ್ರೀಕಿನಲ್ಲಿದೆ, ಅದನ್ನು ಇಂಗ್ಲಿಷಿಗೆ ಹೊಸದಾಗಿ ತರಬೇಕು ಎಂದು ಕುಳಿತಿದ್ದರು. ಕುಳಿತವರು ಸಿಕ್ಕಿಬಿದ್ದದ್ದು ನಾಶದಲ್ಲಿ.

"ಹೀಬ್ರೂ ಭಾಷೆಯಲ್ಲಿ ನಾಶಕ್ಕೆ ಅನೇಕ ಪದಗಳುಂಟು, ಮುನ್ಷಿಯವರೇ," ಎಂದರು ಒಂದು ಬೆಳಿಗ್ಗೆ, ಪುಸ್ತಕದ ಕನ್ನಡದಲ್ಲಿ. "ನಮ್ಮ ಹಿರಿಯರು ಬಹುಪಾಲು ಎಲ್ಲದಕ್ಕೂ ಡಿಸ್ಟ್ರಾಯ್ ಎಂದು ಬರೆದರು. ಇದು ಸರಿಯೋ?"

ಕುಂಬಾರನ ಕೈಯಲ್ಲಿ ಗಡಿಗೆ ಸೊಟ್ಟಗಾದರೆ ಶಾಹತ್. ಬೇರುಸಹಿತ ಕಿತ್ತು ಹಾಕಿದರೆ ಶಾಮದ್. ಇನ್ನು ಆಬದ್ ಎಂಬ ಒಂದು ಮಾತಿದೆ. ರಾಜ್ಯ ಮಣ್ಣುಪಾಲಾದರೂ ಅದೇ, ಒಬ್ಬ ರೈತನ ಕತ್ತೆಗಳು ಮೇಯುತ್ತ ಎಲ್ಲೋ ತಪ್ಪಿಸಿಕೊಂಡರೂ ಅದೇ. ಗ್ರೀಕಿನಲ್ಲೂ ಹಾಗೆಯೇ ಒಂದು: ಕುರಿ ತಪ್ಪಿಸಿಕೊಂಡರೂ ಜೀವ ಹೋದರೂ ಅಪೊಲ್ಲುಮಿ. ಕತ್ತೆಗಳು ಡಿಸ್ಟ್ರಾಯ್ ಆದವು ಎಂದು ಬರೆದರೆ ತಮ್ಮ ದೇಶದ ಜನ ನಗುತ್ತಾರೆ ಎಂದು ದೊರೆ ಕೊರಗುತ್ತಿದ್ದರು.

ಜಂಬುಲಿಂಗಪ್ಪನಿಗೆ ಈ ಮಾತುಗಳು ತಲೆಗೇರಿಬಿಟ್ಟವು. ಶೇಂದಿ ಕುಡಿದವರಿಗೂ ಅಷ್ಟು ಅಮಲು ಏರುತ್ತಿರಲಿಲ್ಲ. ಹಾದಿಯಲ್ಲಿ ಗೋಡೆ ಬಿದ್ದಿದ್ದರೆ ನಿಂತು ಅದಕ್ಕೊಂದು ಹೆಸರಿಡುತ್ತಿದ್ದ. ಸಾರು ಹಳಸಿದರೆ, ಚಪ್ಪಲಿಯ ಉಂಗುಟ ಕಿತ್ತುಹೋದರೆ, ಅದು ಶಾಹತ್ತೋ ಆಬದ್ದೋ ಎಂದು ತನ್ನೊಳಗೇ ಪಂಚಾಯ್ತಿ ಮಾಡುತ್ತಿದ್ದ. ಒಂದು ದಿನ ಪೇಟೆಯಲ್ಲಿ ಎಣ್ಣೆ ವ್ಯಾಪಾರಿ ಪೀರಾಸಾಬನ ಗಡಿಗೆ ಜಾರಿ ಬಿದ್ದು ಒಡೆಯಿತು. ಎಣ್ಣೆ ಬೀದಿಯುದ್ದಕ್ಕೂ ಹರಿಯಿತು. ಜಂಬುಲಿಂಗಪ್ಪ ಖುಷಿಯಿಂದ "ಆಬದ್" ಅಂದ.

ಪೀರಾಸಾಬ ಸೊಂಟದ ಮೇಲೆ ಕೈಯಿಟ್ಟ. "ನಮ್ಮ ಉರ್ದೂನಾಗೆ ಆಬಾದ್ ಅಂದ್ರೆ ಚೆಂದಾಗಿ ಬಾಳು ಅಂತ. ನಂದು ಗಡಿಗೆ ಒಡೆದದ್ದಕ್ಕೆ ಹರಸ್ತೀರಾ ಮುನ್ಷಿ?"

ಒಬ್ಬರ ಹಾಳು ಇನ್ನೊಬ್ಬರ ಬಾಳು. ಜಂಬುಲಿಂಗಪ್ಪ ಎಣ್ಣೆಗಾಲಲ್ಲೇ ಬಂಗಲೆಗೆ ಓಡಿ ದೊರೆಗೆ ಹೇಳಿದ. ದೊರೆ ಎಷ್ಟು ನಕ್ಕರೆಂದರೆ ಕುರ್ಚಿ ಸಮೇತ ಹಿಂದಕ್ಕೆ ಉರುಳಿದರು. ಆ ದಿನ ಪಾಠ ನಡೆಯಲಿಲ್ಲ.

ಆ ವರ್ಷದ ಸುಗ್ಗಿ ಮುಗಿಯುತ್ತಲೇ ಜಂಬುಲಿಂಗಪ್ಪನಿಗೆ ಹೆಣ್ಣು ಗೊತ್ತಾಯಿತು. ಮೊಳಕಾಲ್ಮೂರಿನಿಂದ ಎರಡು ಹರದಾರಿ ಆಚೆ, ತೆಲುಗು ಸೀಮೆಯ ಗಡಿಯ ಹಳ್ಳಿ. ನೇಕಾರ ಬೊಮ್ಮಲಿಂಗಪ್ಪನ ಮಗಳು ಕಾಟಮ್ಮ. ವೀಳ್ಯಶಾಸ್ತ್ರಕ್ಕೆ ತಾವೂ ಬರುವುದಾಗಿ ದೊರೆ ಹಟ ಹಿಡಿದರು. ಹಿರಿಯರೆಲ್ಲ ಎತ್ತಿನ ಗಾಡಿಯಲ್ಲಿ ಮುಂದೆ ಹೋದರು. ವೀಳ್ಯದೆಲೆ, ಬಾಳೆಗೊನೆ, ಬೆಲ್ಲ, ಹುಡುಗಿಗೆ ತಂದ ರೇಷ್ಮೆ ಸೀರೆ ಎಲ್ಲವನ್ನೂ ಮಡಿವಾಳರ ಮಾರಯ್ಯನ ಕತ್ತೆಯ ಮೇಲೆ ಹೇರಿದರು. ಮಾರಯ್ಯನ ಕಾಲಿಗೆ ಮುಳ್ಳು ಚುಚ್ಚಿದ್ದರಿಂದ ಅವನನ್ನೂ ಗಾಡಿಗೆ ಹತ್ತಿಸಿಕೊಂಡು, ಕತ್ತೆಯ ಹಗ್ಗವನ್ನು ಮದುಮಗನ ಕೈಗೇ ಕೊಟ್ಟರು.

ದೊರೆಯೂ ಅವನ ಜೊತೆಗೇ ನಡೆದರು. ಕಲ್ಲುಗುಡ್ಡಗಳ ನಡುವಿನ ಹಾದಿ. ಅರ್ಧ ದಾರಿ ಹೋಗುವಷ್ಟರಲ್ಲಿ ಮಾತು ಮತ್ತೆ ಆ ಶಾಸ್ತ್ರದ ಕತ್ತೆಗಳ ಕಡೆಗೆ ತಿರುಗಿತು. ಆ ಕತ್ತೆಗಳು ಸತ್ತಿದ್ದವೋ ಬದುಕಿದ್ದವೋ ಎಂದು ಜಂಬುಲಿಂಗಪ್ಪ ಕೇಳಿದ. ಬದುಕಿದ್ದವು, ಆಮೇಲೆ ಸಿಕ್ಕವು ಎಂದರು ದೊರೆ. ಹಾಗಿದ್ದರೆ ನಾಶ ಎಲ್ಲಾಯಿತು ಎಂದು ಇವನು. ಹುಡುಕುವವನ ಮನಸ್ಸಿನಲ್ಲಿ ಆಯಿತು ಎಂದು ಅವರು. ಅದನ್ನು ವಿವರಿಸಲು ದೊರೆ ಹುಣಸೆ ಮರದ ಕೆಳಗೆ ನಿಂತು ಎರಡೂ ಕೈ ಎತ್ತಿದರು. ಒಪ್ಪದಿರಲು ಜಂಬುಲಿಂಗಪ್ಪನೂ ಎರಡೂ ಕೈ ಎತ್ತಿದ. ಕೈಯಲ್ಲಿ ಹಗ್ಗವಿತ್ತೆಂಬುದು ಇಬ್ಬರಿಗೂ ನೆನಪಾಗುವ ಹೊತ್ತಿಗೆ ಹಗ್ಗವೂ ಇಲ್ಲ, ಕತ್ತೆಯೂ ಇಲ್ಲ.

ಗುಡ್ಡ ಹತ್ತಿದರು, ಹಳ್ಳ ಇಳಿದರು. ದೊರೆಯ ಟೋಪಿ ಜಾಲಿಮರಕ್ಕೆ ಸಿಕ್ಕಿಕೊಂಡಿತು. ಅಳಬೇಕಾದ ಹೊತ್ತಿನಲ್ಲಿ ಜಂಬುಲಿಂಗಪ್ಪನಿಗೆ ನಗು ಒತ್ತಿ ಬಂತು. ಅವನನ್ನು ನೋಡಿ ದೊರೆಗೂ ಬಂತು. ಕೊನೆಗೆ ಬರಿಗೈಯಲ್ಲಿ, ಬೆವರಿಳಿಸಿಕೊಂಡು ಬೊಮ್ಮಲಿಂಗಪ್ಪನ ಮನೆಯ ಅಂಗಳ ಸೇರಿದರು. ಜಮಖಾನೆಯ ಮೇಲೆ ಎರಡೂ ಕಡೆಯ ಹಿರಿಯರು ಕಾದು ಕುಳಿತಿದ್ದರು.

ತಪ್ಪೆಲ್ಲ ತಮ್ಮ ಮೇಲೆ ಹಾಕಿಕೊಳ್ಳಬೇಕೆಂದು ದೊರೆ ಮುಂದೆ ಬಂದು ನಿಂತರು. ಬೆಳಿಗ್ಗೆಯಿಂದ ತಲೆಯಲ್ಲಿ ಸುತ್ತುತ್ತಿದ್ದ ಪದವೇ ಬಾಯಿಗೂ ಬಂತು.

"ಮಾನ್ಯ ಹಿರಿಯರೇ, ಕತ್ತೆಯು ನಾಶವಾಯಿತು. ಅದರ ಮೇಲಿದ್ದ ಸಮಸ್ತವೂ ನಾಶವಾಯಿತು. ನಾನೇ ನಾಶಪಡಿಸಿದೆನು."

ಬೊಮ್ಮಲಿಂಗಪ್ಪ ಮೆಲ್ಲಗೆ, "ಗಾಡಿದ ಚಚ್ಚಿಂದಾ?" ಅಂದ. ಕತ್ತೆ ಸತ್ತಿತೇ ಎಂಬ ಆ ತೆಲುಗು ಮಾತು ಕಿವಿಗೆ ಬಿದ್ದದ್ದೇ ತಡ, ಮಾರಯ್ಯ ಕುಂಟುತ್ತ ಎದ್ದ.

"ನನ್ನ ಕತ್ತೆ ನಿಮಗೇನು ಮಾಡಿತ್ತು ದೊರೆ? ಯಾತಕ್ಕೆ ಕೊಂದ್ರಿ?"

"ವೀಳ್ಯದ ದಿನ ಸಾವು," ಎಂದು ಹುಡುಗಿಯ ತಾಯಿ ಯರ್ರಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. "ಇದು ಬ್ಯಾಡ ಕಣ್ರಿ. ಶಕುನ ಸರಿಯಾಗಿಲ್ಲ."

ಜಂಬುಲಿಂಗಪ್ಪ ಬಾಯಿ ತೆರೆದ. ಜೀವಮಾನದಲ್ಲಿ ಮೊದಲ ಸಲ ಅವನಿಗೆ ಒಂದು ಮಾತೂ ಸಿಗಲಿಲ್ಲ. ಮೂರು ಭಾಷೆಯಲ್ಲೂ ಸಿಗಲಿಲ್ಲ.

ಆಗ ಒಳಗಿನ ಬಾಗಿಲ ಹಿಂದಿನಿಂದ ಒಂದು ನಗು ಕೇಳಿಸಿತು. ತಡೆದುಕೊಳ್ಳಲು ನೋಡಿ, ತಡೆಯಲಾಗದೆ ಸಿಡಿದ ನಗು. ನಡುನಡುವೆ ಕಾಟಮ್ಮನ ಮಾತು.

"ಅವ್ವಾ, ನಾಶವಾದ ಕತ್ತೆ ಹಿತ್ತಲಾಗೈತೆ. ಬಾಳೆಹಣ್ಣು ತಿಂತೈತೆ."

ಎಲ್ಲರೂ ಹಿತ್ತಲಿಗೆ ನುಗ್ಗಿದರು. ಕತ್ತೆ ಬಾಳೆಗೊನೆಯಲ್ಲಿ ಅರ್ಧ ಮುಗಿಸಿ ಬೆಲ್ಲಕ್ಕೆ ಕೈಹಾಕಿತ್ತು, ಅಂದರೆ ಬಾಯಿ ಹಾಕಿತ್ತು. ಸೀರೆಯ ಗಂಟು ಮಾತ್ರ ಕಟ್ಟಿದ ಹಾಗೇ ಇತ್ತು. ಮಾರಯ್ಯ ಅದರ ಕತ್ತು ತಬ್ಬಿಕೊಂಡ.

"ಈ ಊರಾಗಿಂದ್ಲೇ ಇದನ್ನ ಕೊಂಡ್ಕಂಡು ಹೋಗಿದ್ದೆ," ಅಂದ ಕಣ್ಣೊರೆಸುತ್ತ. "ತವರುಮನಿಗೆ ಬಂದೈತೆ, ಪಾಪ."

ಬೊಮ್ಮಲಿಂಗಪ್ಪನ ಹೊಟ್ಟೆ ಮೊದಲು ಕುಲುಕಿತು, ಆಮೇಲೆ ನಗು ಹೊರಬಂತು. "ಹೋಯ್ತು ಅಂದ್ಕಂಡಿದ್ದು ತಾನೇ ಮನೆ ಹುಡುಕ್ಕಂಡು ಬಂದೈತೆ. ಇದಕ್ಕಿಂತ ಒಳ್ಳೆ ಶಕುನ ಎಲ್ಲಿಂದ ತರ್ತೀಯೇ?" ಎಂದು ಹೆಂಡತಿಯನ್ನು ಕೇಳಿದ. ಯರ್ರಮ್ಮನೂ ನಕ್ಕುಬಿಟ್ಟಳು.

ದೊರೆ ಮಾತ್ರ ಆಲೋಚಿಸುತ್ತ ನಿಂತಿದ್ದರು. ಹೋಯ್ತು. ಜೀವವೂ ಹೋಗುತ್ತದೆ, ಕತ್ತೆಯೂ ಹೋಗುತ್ತದೆ, ರಾಜ್ಯವೂ ಹೋಗುತ್ತದೆ. ಇಂಗ್ಲಿಷಿನಲ್ಲಿ? ಅವರ ಮುಖ ಅರಳಿತು.

"ಲಾಸ್ಟ್, ಮುನ್ಷಿಯವರೇ. ಯುದ್ಧವು ಲಾಸ್ಟ್, ಹಡಗು ಲಾಸ್ಟ್, ಕತ್ತೆಯು ಸಹ ಲಾಸ್ಟ್."

"ಹಾಗಾದ್ರೆ ಸಿಕ್ಕಿತಲ್ಲ ದೊರೆ," ಅಂದ ಜಂಬುಲಿಂಗಪ್ಪ. ಇಬ್ಬರೂ ಕೈ ಹಿಡಿದುಕೊಂಡು ಹಿತ್ತಲಲ್ಲಿ ಗಿರಗಿರನೆ ಸುತ್ತಿದರು. ಅಳಿಯನಾಗುವವನಿಗೆ ತಲೆ ನೆಟ್ಟಗಿದೆಯೇ ಎಂದು ಯಾರೋ ಕೇಳಿದರು. ಮದುವೆಯಾದರೆ ಸರಿಹೋಗುತ್ತದೆ ಎಂದು ಯಾರೋ ಹೇಳಿದರು. ಉಳಿದ ಬಾಳೆಹಣ್ಣಿನಲ್ಲೇ ವೀಳ್ಯ ಬದಲಾಯಿತು.

ವಾಪಸು ಬರುವಾಗ ಗಾಡಿಯ ಹಿಂದೆ ಕಾಲು ಚಾಚಿ ಕುಳಿತ ಜಂಬುಲಿಂಗಪ್ಪನಿಗೆ ಹೊಳೆಯಿತು: ಈ ಗಲಾಟೆಯಲ್ಲಿ ಹುಡುಗಿಯ ಮುಖವನ್ನೇ ನೋಡಿಲ್ಲ. ನೋಡಿ ಬರುತ್ತೇನೆಂದು ಹೇಳಲು ನಾಚಿಕೆ. ವೈಶಾಖದಲ್ಲಿ ಮದುವೆಯ ಅಂತರಪಟ ಸರಿಯುವ ತನಕ ಅವನ ಬಳಿ ಇದ್ದದ್ದು ಆ ನಗು ಒಂದೇ. ಅಷ್ಟು ಸಾಕಾಗಿತ್ತು.

ಕೆಲವು ವರ್ಷಗಳಲ್ಲಿ ದೊರೆ ತಮ್ಮ ದೇಶಕ್ಕೆ ಹೋದರು. ಜಂಬುಲಿಂಗಪ್ಪ ಚಳ್ಳಕೆರೆ ಕಡೆಯ ನನ್ನಿವಾಳವೆಂಬ ಹಳ್ಳಿಯಲ್ಲಿ ಮೇಷ್ಟರಾಗಿ ನಿಂತ. ಮನೆಯ ಪಡಸಾಲೆಯೇ ಶಾಲೆ. ಮಗ್ಗಿ ತಪ್ಪಿದ ಮಕ್ಕಳನ್ನು ಗದರಿಸಲೆಂದು ಕಣ್ಣು ಕೆಂಪಗೆ ಮಾಡಿಕೊಂಡು ಎದ್ದು ನಿಲ್ಲುತ್ತಿದ್ದ. ಅಡುಗೆಮನೆಯಲ್ಲಿ ಕಾಟಮ್ಮ ಕಿಸಕ್ಕನೆ ನಗುತ್ತಿದ್ದಳು. ಮಕ್ಕಳು ನಗುತ್ತಿದ್ದರು. ಜಂಬುಲಿಂಗಪ್ಪ ಬೆತ್ತವನ್ನು ಮೂಲೆಗಿಟ್ಟು ತಾನೇ ಮಗ್ಗಿ ಹೇಳತೊಡಗುತ್ತಿದ್ದ.