ಹನ್ನೊಂದನೆಯ ಪುಟ

ಬಜೆ ಬೇರಿನ ವಾಸನೆ ಬಂದರೆ ಎಲ್ಲರಿಗೂ ಬಾಣಂತಿ ಕೋಣೆ, ಎಳೆಮಗು ನೆನಪಾಗುತ್ತದಂತೆ. ನನಗೆ ಆಸ್ಟ್ರೇಲಿಯಾ ನೆನಪಾಗುತ್ತದೆ. ನಗಬೇಡಿ, ಹೇಳುತ್ತೇನೆ.

ಹೋದ ಭಾನುವಾರ ಅರಸೀಕೆರೆಯ ನಮ್ಮ ಮನೆಗೆ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಬಂದಿದ್ದಳು. ಹಳೇಬೀಡಿನವಳು, ಈಗ ಹಾಸನದ ಕಾಲೇಜೊಂದರಲ್ಲಿ ಇಂಗ್ಲಿಷ್ ಪಾಠ ಮಾಡುತ್ತಾಳೆ. ಕೆಂಪು ಬಟ್ಟೆಯ ಗಂಟೊಂದನ್ನು ಮೇಜಿನ ಮೇಲಿಟ್ಟು ಬಿಚ್ಚಿದಳು. ಹುಳ ಹಿಡಿಯದಿರಲಿ ಎಂದು ಒಳಗೆ ಇಟ್ಟಿದ್ದ ಬಜೆ ತುಂಡುಗಳ ಘಾಟು ಮೂಗಿಗೆ ಬಡಿಯಿತು. ಗಂಟಿನಲ್ಲಿ ಏನಿದೆಯೆಂದು ನೋಡುವ ಮೊದಲೇ ನನಗೆ ತಿಳಿದುಹೋಯಿತು. ಅವಳ ತಾತನ ಆಸ್ಟ್ರೇಲಿಯಾ ಪುಸ್ತಕಗಳು.

ಅವಳ ತಾತ ಹಳೇಬೀಡಿನ ದೇವಸ್ಥಾನದಲ್ಲಿ ಗೈಡ್ ಆಗಿದ್ದರು. ಊರಿಗೆಲ್ಲ ಗೈಡಣ್ಣ. ಬಸದಿಯ ಹತ್ತಿರ ಇದ್ದ ನಾಲ್ಕಾರು ಜೈನರ ಮನೆಗಳಲ್ಲಿ ಅವರದೂ ಒಂದು. ನಾನಾಗ ಅಲ್ಲಿನ ಹೈಸ್ಕೂಲಿನಲ್ಲಿ ಇಂಗ್ಲಿಷ್ ಮೇಷ್ಟ್ರು, ಜಾವಗಲ್ಲಿನಿಂದ ದಿನಾ ಬಸ್ಸಿನಲ್ಲಿ ಬಂದು ಹೋಗುತ್ತಿದ್ದೆ. ಗೈಡಣ್ಣನ ಇಂಗ್ಲಿಷು ಕಿವಿಯಿಂದ ಕಲಿತದ್ದು, ಬಂದ ಪ್ರವಾಸಿಗಳ ಜೊತೆ ಆಡಿ ಆಡಿ ನಾಲಿಗೆಗೆ ಹತ್ತಿದ್ದು. ಕನ್ನಡ ಸರಾಗವಾಗಿ ಓದುತ್ತಿದ್ದರು. ಇಂಗ್ಲಿಷ್ ಅಕ್ಷರ ಮಾತ್ರ ಅವರಿಗೆ ಒಲಿಯಲಿಲ್ಲ.

ಮಿಕ್ಕ ಗೈಡುಗಳು ಒಂದೊಂದು ಕಲ್ಲಿಗೂ ಒಂದೊಂದು ಕಥೆ ಹೊಸೆಯುತ್ತಿದ್ದರು. ಇವರು ಹಾಗಲ್ಲ. ಹೊರಗೋಡೆಯ ಒಂದು ಮೂಲೆಯಲ್ಲಿ ಕೈ ಮುರಿದ ಹೆಂಗಸಿನ ಶಿಲ್ಪವೊಂದಿದೆ. ಅದರ ಮುಂದೆ ಬಂದಾಗ ನಿಂತು, ಈಕೆ ಯಾರೋ ನನಗೆ ಗೊತ್ತಿಲ್ಲ ಎಂದು ಹೇಳಿ ಮುಂದೆ ಹೋಗುತ್ತಿದ್ದರು. ಒಮ್ಮೆ ಮಕ್ಕಳನ್ನು ಕರೆದುಕೊಂಡು ಹೋದಾಗ ನಾನೇ ಕೇಳಿಸಿಕೊಂಡೆ. ಗೈಡೇ ಗೊತ್ತಿಲ್ಲ ಅಂದರೆ ಹೆಂಗೆ ಗೈಡಣ್ಣ, ಏನಾದರೊಂದು ಹೇಳಿಬಿಡಬಾರದಾ ಎಂದು ಎಲ್ಲರ ಮುಂದೆ ಕಿಚಾಯಿಸಿದೆ. ಅವರು ನಗಲಿಲ್ಲ.

"ಗೊತ್ತಿಲ್ಲದ್ದು ಹೇಳಿದ್ರೆ ಕಲ್ಲೇನೂ ಬಾಯ್ ಬಿಡಾಕಿಲ್ಲ ಮೇಷ್ಟ್ರೇ. ಆದ್ರೆ ಕೇಳ್ದೋರು ಅದನ್ನ ನಿಜ ಅಂತ ಅವರೂರಿಗೆ ತಗೊಂಡ್ ಹೋಯ್ತಾರಲ್ಲ."

ಆಸ್ಟ್ರೇಲಿಯಾದಿಂದ ಬಂದಿದ್ದ ಒಬ್ಬ ಹೆಂಗಸು ಅವರ ಜೊತೆ ಎರಡು ದಿನ ದೇವಸ್ಥಾನ ನೋಡಿದ್ದರು. ಪುಸ್ತಕ ಬರೆಯುವವರಂತೆ. ಮನೆಯಲ್ಲಿ ಯಾರ್‍ಯಾರಿದ್ದೀರಿ ಎಂದು ಕೇಳಿದರಂತೆ. ನಾನು, ಹೈಸ್ಕೂಲಿಗೆ ಹೋಗುವ ದೊಡ್ಡ ಮೊಮ್ಮಗಳು, ಅಕ್ಷರ ತಿದ್ದುವ ಸಣ್ಣವಳು ಎಂದರಂತೆ ಇವರು. ಮಾರನೆಯ ವರ್ಷ ಅಂಚೆಯಲ್ಲಿ ಒಂದು ಪಾರ್ಸೆಲ್ ಬಂತು. ಆ ವರ್ಷ ಅವರ ದೇಶದಲ್ಲಿ ಹೊಸದಾಗಿ ಬಂದ ಮೂರು ಪುಸ್ತಕಗಳು. ದೊಡ್ಡವರಿಗೊಂದು, ಹರೆಯದವರಿಗೊಂದು, ಮಕ್ಕಳಿಗೊಂದು. ಆಮೇಲೆ ಪ್ರತಿ ವರ್ಷವೂ ಹೀಗೇ ಮೂರು ಬರತೊಡಗಿದವು.

ಪಾರ್ಸೆಲ್ ಬಂದ ಸಂಜೆಯೇ ಗೈಡಣ್ಣ ಅದನ್ನು ಎದೆಗವಚಿಕೊಂಡು ಸ್ಕೂಲಿನ ಹತ್ತಿರ ಬರುತ್ತಿದ್ದರು. ನಾನು ಓದಿ ಕನ್ನಡದಲ್ಲಿ ಕಥೆ ಹೇಳಬೇಕು, ಅವರು ಹೇಳಿದ್ದನ್ನು ಇಂಗ್ಲಿಷಿನಲ್ಲಿ ಕಾಗದ ಬರೆದುಕೊಡಬೇಕು. ಮಕ್ಕಳ ಪುಸ್ತಕಕ್ಕೆ ತೊಂದರೆಯಿರಲಿಲ್ಲ. ಬಿಲ ತೋಡುವ ಗುಂಡಗಿನ ಪ್ರಾಣಿ, ಪುಟಕ್ಕೆರಡು ಸಾಲು. ಹರೆಯದವರ ಪುಸ್ತಕ ಅರ್ಧ ಓದಿ, ಅರ್ಧ ಊಹಿಸಿ ದಾಟಿಸುತ್ತಿದ್ದೆ. ದೊಡ್ಡವರ ಪುಸ್ತಕ ಮಾತ್ರ ಕಬ್ಬಿಣದ ಕಡಲೆ. ಆ ಜನರ ಆಡುಮಾತು, ಕೇಳರಿಯದ ಮರಗಳ ಹೆಸರು, ಪುಟದುದ್ದಕ್ಕೂ ಮುಗಿಯದೆ ಹರಿಯುವ ಒಂದೊಂದು ವಾಕ್ಯ… ಪ್ರಶ್ನೋತ್ತರ ಬರೆಸಿ ಇಪ್ಪತ್ತು ವರ್ಷ ಪಾಠ ಮಾಡಿದ ನನ್ನ ಇಂಗ್ಲಿಷು ಅಲ್ಲಿ ಮುಗ್ಗರಿಸುತ್ತಿತ್ತು. ಅರ್ಥವಾಗಲಿಲ್ಲ ಎಂದು ಒಂದು ಮಾತು ಹೇಳಿದ್ದರೆ ಮುಗಿದಿತ್ತು. ಇಂಗ್ಲಿಷ್ ಮೇಷ್ಟ್ರು ಹಾಗನ್ನುವುದುಂಟೇ! ಮುಖಪುಟದ ಚಿತ್ರ ನೋಡಿ ಬಾಯಿಗೆ ಬಂದ ಕಥೆ ಕಟ್ಟಿ ಹೇಳಿದೆ. ಗೈಡಣ್ಣ ಕೈಕಟ್ಟಿ ಕೇಳುತ್ತಿದ್ದರು. ಆಮೇಲೆ ಆಕೆ ಏನಾದಳು ಮೇಷ್ಟ್ರೇ ಎಂದು ಕೇಳಿದರೆ, ಆಗಿದ್ದನ್ನೂ ನಾನೇ ಹುಟ್ಟಿಸುತ್ತಿದ್ದೆ.

ಮೂರನೆಯ ವರ್ಷ ಬಂದ ದೊಡ್ಡ ಪುಸ್ತಕ ಆಕೆಯೇ ಬರೆದದ್ದು. ಜೊತೆಗಿದ್ದ ಕಾಗದವನ್ನು ನಾನೇ ಓದಿ ಹೇಳಿದೆ. ಇದರಲ್ಲಿ ನಿಮ್ಮ ಬಗ್ಗೆ ಒಂದು ಪುಟ ಬರೆದಿದ್ದೇನೆ, ಓದಿ ಹೇಗನ್ನಿಸಿತು ತಿಳಿಸಿ ಎಂದಿತ್ತು. ಗೈಡಣ್ಣನ ಮುಖ ನೋಡಬೇಕಿತ್ತು. ನನ್ನ ಬಗ್ಗೆನಾ, ಪುಸ್ತಕದಾಗಾ ಎಂದು ಎರಡು ಸಲ ಕೇಳಿದರು. ಜೀವಮಾನವಿಡೀ ಬೇರೆಯವರ ಕಥೆ ಹೇಳಿಕೊಂಡು ಬಂದವರು ಅವರು. ನೀವು ನಿಧಾನವಾಗಿ ನೋಡಿ, ಅವಸರವಿಲ್ಲ ಎಂದು ಹೇಳಿ ಹೋದರು.

ಆ ಪುಸ್ತಕ ನಮ್ಮ ಮನೆಯ ಬೀರುವಿನ ಮೇಲೆ ಹದಿನೈದು ದಿನ ಕೂತಿತ್ತು. ಆರು ಪುಟ ಓದಿದೆ. ತಲೆಬುಡ ತಿಳಿಯಲಿಲ್ಲ. ಮುಂದಿನದನ್ನು ಸುಮ್ಮನೆ ಮಗುಚಿದೆ, ಹಳೇಬೀಡು ಎಂಬ ಹೆಸರು ಕಣ್ಣಿಗೆ ಬೀಳಲಿಲ್ಲ. ಅಷ್ಟೇ ನಾನು ಹುಡುಕಿದ್ದು. ಗೈಡಣ್ಣ ಬಂದಾಗ, ಪೂರ್ತಿ ಓದಿದೆ, ನಿಮ್ಮ ವಿಷಯ ಎಲ್ಲೂ ಇಲ್ಲ, ಬರೆಯುವವರು ಪ್ರೀತಿಗೆ ಹಾಗೆಲ್ಲ ಅನ್ನುತ್ತಾರೆ ಎಂದುಬಿಟ್ಟೆ. ಅವರು ಪುಸ್ತಕದ ಬೆನ್ನು ಸವರಿದರು.

"ಇನ್ನೊಂದ್ ಕಿತ ನೋಡ್ತೀರಾ ಮೇಷ್ಟ್ರೇ? ಆಯಮ್ಮ ಸುಳ್ಳು ಹೇಳೋರಲ್ಲ."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು ನನಗೆ. ಹಾಗಾದರೆ ಸುಳ್ಳು ಹೇಳುತ್ತಿರುವವನು ನಾನೋ, ನನ್ನ ಓದಿನ ಮೇಲೆ ಅನುಮಾನವಿದ್ದರೆ ಬೇರೆಯವರ ಹತ್ತಿರ ಓದಿಸಿಕೊಳ್ಳಿ ಎಂದು ರೇಗಿದೆ. ಹಿರಿಯರು, ನನಗಿಂತ ಹದಿನೈದು ವರ್ಷ ದೊಡ್ಡವರು, ಕೈ ಮುಗಿದು ತಪ್ಪಾಯಿತು ಎಂದರು. ಈಗ ನೆನೆಸಿಕೊಂಡರೆ ಮೈಯೆಲ್ಲ ಹಿಡಿಯಾಗುತ್ತದೆ.

ಅಲ್ಲಿಗೆ ಬಿಟ್ಟಿದ್ದರೂ ಆಗುತ್ತಿತ್ತು. ಉತ್ತರ ಬರೆಸುವಾಗ ಅವರು, ಪುಟ ಸಿಗಲಿಲ್ಲ, ಎಷ್ಟನೆಯದು ಎಂದು ಒಂದು ಸಾಲು ತಿಳಿಸಿ ತಾಯಿ ಎಂದು ಬರೆಯಲು ಹೇಳಿದರು. ನಾನು ಆ ಸಾಲನ್ನು ಬರೆಯಲಿಲ್ಲ. ಬರೆದರೆ ಉತ್ತರ ಬರುತ್ತದೆ, ಬಂದರೆ ನನ್ನ ಬಣ್ಣ ಬಯಲು. ಪುಸ್ತಕ ತಲುಪಿತು, ಚೆನ್ನಾಗಿದೆ, ವಂದನೆಗಳು ಎಂದಷ್ಟೇ ಬರೆದು ಅವರ ಸಹಿ ಹಾಕಿಸಿದೆ. ಏನಿದೆಯೆಂದು ತಿಳಿಯದೆ, ನನ್ನನ್ನು ನಂಬಿ, ಕನ್ನಡದಲ್ಲಿ ದುಂಡಗೆ ಸಹಿ ಹಾಕಿದರು. ಮುಂದಿನ ಪಾರ್ಸೆಲ್ಲಿನ ಕಾಗದದಲ್ಲಿ ಆಕೆ, ಆ ಪುಟದಿಂದ ನಿಮಗೆ ನೋವಾಯಿತೇ, ನೀವೇನೂ ಹೇಳಲಿಲ್ಲವಲ್ಲ ಎಂದು ಕೇಳಿದ್ದರು. ಓದಿ ಹೇಳುವಾಗ ಆ ಮಾತನ್ನೂ ನುಂಗಿಕೊಂಡೆ. ಅದಾದ ಮೇಲೆ ಪಾರ್ಸೆಲ್ ಬರಲಿಲ್ಲ. ಆಯಮ್ಮಂಗೆ ಅದೇನು ಬೇಜಾರಾಯ್ತೋ ಎಂದು ಗೈಡಣ್ಣ ಅಂಚೆಯವನನ್ನು ಕಂಡಾಗಲೆಲ್ಲ ಅನ್ನುತ್ತಿದ್ದರಂತೆ.

ಅವರ ಮನೆಯಲ್ಲಿ ಶ್ರುತ ಪಂಚಮಿಯ ದಿನ ಹಳೆಯ ಗ್ರಂಥಗಳನ್ನು ಹೊರತೆಗೆದು, ಧೂಳು ಒರೆಸಿ, ಹೊಸ ಬಟ್ಟೆ ಸುತ್ತಿ ಪೂಜಿಸುತ್ತಾರೆ. ಗೈಡಣ್ಣ ಅವುಗಳ ಪಕ್ಕದಲ್ಲೇ ಆಸ್ಟ್ರೇಲಿಯಾ ಪುಸ್ತಕಗಳನ್ನೂ ಜೋಡಿಸಿ, ಬಜೆ ತುಂಡು ಇಟ್ಟು ಸುತ್ತುತ್ತಿದ್ದರು. ಒಂದು ವರ್ಷ ನನ್ನನ್ನೂ ಕರೆದಿದ್ದರು. ಆ ದೊಡ್ಡ ಪುಸ್ತಕವನ್ನು ಕಣ್ಣಿಗೊತ್ತಿಕೊಂಡು, ನಂದೇನೂ ಇಲ್ದಿದ್ರೂ ಆಯಮ್ಮನ ಕೈಯಿಂದ ಬಂದದ್ದಲ್ಲವಾ ಎಂದರು. ನಾನು ಎರಡು ಹೋಳಿಗೆ ತಿಂದು ಬಸ್ಸು ಹತ್ತಿದೆ.

ಅವರು ತೀರಿಕೊಂಡು ನಾಲ್ಕು ವರ್ಷವಾಯಿತು. ಈ ಸಲ ಶ್ರುತ ಪಂಚಮಿಗೆ ಗಂಟು ಬಿಚ್ಚಿದ ದೊಡ್ಡ ಮೊಮ್ಮಗಳು, ಅದೇ ನನ್ನ ವಿದ್ಯಾರ್ಥಿನಿ, ಆ ಪುಸ್ತಕ ಓದಿದ್ದಾಳೆ. ಇಷ್ಟು ದಿನ ಯಾಕೆ ಓದಲಿಲ್ಲವೆಂದರೆ, ಸಾರ್ ಪೂರ್ತಿ ಓದಿ ತಾತನಿಗೆ ಹೇಳಿದ್ದರಲ್ಲ, ಅದಕ್ಕೇ, ತಾತ ಕೇಳಿದಾಗಲೂ ಅದನ್ನೇ ಹೇಳುತ್ತಿದ್ದೆ ಎಂದಳು. ಆಮೇಲೆ ಪುಟ ತೆರೆದು, ಬೆರಳಿಟ್ಟು, ಕನ್ನಡದಲ್ಲಿ ಹೇಳುತ್ತಾ ಹೋದಳು. ಊರಿನ ಹೆಸರಿಲ್ಲ. ಒಂದು ಕಲ್ಲಿನ ಗುಡಿ. ತೆಳ್ಳಗಿನ ಒಬ್ಬ ಮುದುಕ. ಅವನು ಕೈ ಮುರಿದ ಹೆಂಗಸಿನ ಮುಂದೆ ನಿಂತು ನನಗೆ ಗೊತ್ತಿಲ್ಲ ಎಂದ. ಆಕೆ ಬರೆದಿದ್ದರು: ಎಷ್ಟೋ ದೇಶಗಳಲ್ಲಿ ಎಷ್ಟೋ ಗಂಡಸರು ನನಗೆ ಏನೇನೋ ವಿವರಿಸಿದ್ದಾರೆ, ಆ ಮಾತನ್ನು ಯಾರೂ ಆಡಿರಲಿಲ್ಲ. ಅದಾದ ಮೇಲೆ ಅವನು ಹೇಳಿದ್ದನ್ನೆಲ್ಲ ನಾನು ನಂಬಿದೆ.

ಹನ್ನೊಂದನೆಯ ಪುಟ. ನಾನು ಆರಕ್ಕೆ ನಿಲ್ಲಿಸಿದ್ದೆ.

ಆ ಹುಡುಗಿ ತಲೆಯೆತ್ತಿ ನನ್ನನ್ನೇ ನೋಡಿದಳು. ಕಣ್ಣಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಒಳ್ಳೆಯದಿತ್ತು.

"ತಾತ ಸಾಯೋ ತಂಕ ಇದೊಂದನ್ನ ಕೇಳ್ತಾನೇ ಇದ್ರು ಸಾರ್. ನೀವು ಓದಿದಾಗ ಈ ಪುಟ ಹೇಗೆ ತಪ್ಪಿಹೋಯ್ತು?"

"ಗೊತ್ತಿಲ್ಲಮ್ಮ" ಎಂದೆ.

ಗೈಡಣ್ಣ ನಿಜ ಹೇಳುವುದಕ್ಕೆಂದು ಆಡುತ್ತಿದ್ದ ಮಾತು ಅದು. ಅವರ ಬದುಕಿನುದ್ದಕ್ಕೂ ನನ್ನ ಬಾಯಿಂದ ಒಮ್ಮೆಯೂ ಬಾರದಿದ್ದದ್ದು ಕೊನೆಗೂ ಬಂತು, ಅದೂ ಸುಳ್ಳಾಗಿ. ಅವಳು ಕಾಫಿ ಕುಡಿದು, ಗಂಟು ಕಟ್ಟಿಕೊಂಡು ಹಾಸನದ ಬಸ್ಸಿಗೆ ಹೊರಟಳು. ಒಂದು ಬಜೆ ತುಂಡು ಮೇಜಿನ ಮೇಲೆಯೇ ಉಳಿದಿದೆ. ಎಸೆಯಲು ಕೈ ಬರುತ್ತಿಲ್ಲ. ಇದು ಅಚ್ಚಾದರೆ ಅವಳು ಓದುತ್ತಾಳೆ, ಓದಲಿ. ಪುಟ ಸಿಕ್ಕಿತು ಗೈಡಣ್ಣ ಎಂದು ಹೇಳೋಣವೆಂದರೆ ಅವರೇ ಇಲ್ಲ.