ಎಡಹುಬ್ಬಿನ ಮೇಲಿನ ನೆರಳು

ನಮ್ಮ ಬೀದಿಯ ಗಂಡಸರು ಕೆಲವು ಕಾಲ ಮನೆಯಲ್ಲಿ ಸುಳ್ಳು ಹೇಳುವುದನ್ನೇ ಬಿಟ್ಟಿದ್ದರು. ಅದಕ್ಕೆ ಕಾರಣ ಅವರ ಒಳ್ಳೆಯತನವಲ್ಲ, ಒಂದು ಗೊಂಚಲು ದೀಪ.

ದೀಪ ತೂಗುತ್ತಿದ್ದದ್ದು ಅತ್ತಿಗೆಯ ಬ್ಯೂಟಿ ಪಾರ್ಲರಿನಲ್ಲಿ. ಅವಳ ನಾದಿನಿ ಹಾಗೆ ಕರೆಯುತ್ತಿದ್ದಳೆಂದು ಇಡೀ ಬೀದಿಗೇ ಅವಳು ಅತ್ತಿಗೆಯಾಗಿದ್ದಳು. ಮನೆಯ ಮುಂದಿನ ಕೋಣೆಗೆ ಕುರ್ಚಿ, ಕನ್ನಡಿ, ಬಾಗಿಲ ಪರದೆ ಎಲ್ಲವನ್ನೂ ಅವಳೇ ಆರಿಸಿದ್ದಳು. ಲೈಟಿನ ವಿಷಯ ಹೆಂಗಸರಿಗೆ ತಿಳಿಯುವುದಿಲ್ಲವೆಂದು ಅದನ್ನು ಮಾತ್ರ ಗಂಡ ತಂದ. ಗಾಜಿನ ಹರಳು, ಚಿನ್ನದ ಬಣ್ಣದ ಕೊಂಬೆಗಳು. ಯಾವುದೋ ಅರಮನೆಯವರು ನಾಚಿಕೆಯಿಂದ ಹೊರಹಾಕಿದಂತಿತ್ತು. ಸೂರಿನಲ್ಲಿ ಕೊಂಡಿ ಇದ್ದಲ್ಲಿ ದೀಪ ತೂಗಿತು. ಕೊಂಡಿ ಇದ್ದದ್ದು ಅವಳು ನಿಂತು ಕೆಲಸ ಮಾಡುವ ಜಾಗದ ಸರಿಯಾಗಿ ಬೆನ್ನ ಹಿಂದೆ.

ಹುಬ್ಬು ತೀಡುವಾಗ ಅವಳು ದಾರದ ಒಂದು ತುದಿಯನ್ನು ಹಲ್ಲಿನಲ್ಲಿ ಕಚ್ಚಿ, ಗಿರಾಕಿಯ ಬಲಗಡೆ ನಿಂತು ಬಾಗುತ್ತಿದ್ದಳು. ಬಲಹುಬ್ಬು ಸಲೀಸು. ಎಡಹುಬ್ಬಿಗೆ ಬರುವ ಹೊತ್ತಿಗೆ ಅವಳ ತಲೆಯ ನೆರಳೇ ಅಲ್ಲಿ ಮೊದಲು ಹೋಗಿ ಕೂತಿರುತ್ತಿತ್ತು. ಕಾಣದ ಕಡೆ ಕೂದಲು ಉಳಿದೀತೆಂಬ ಭಯಕ್ಕೆ ಅವಳು ಇನ್ನಷ್ಟು ಕೀಳುತ್ತಿದ್ದಳು. ಹೀಗೆ ಬೀದಿಯ ಹೆಂಗಸರೆಲ್ಲರ ಎಡಹುಬ್ಬು ಬಿಲ್ಲಿನಂತೆ ಮೇಲೇರಿ ನಿಂತಿತು. ಆಫೀಸಿನಲ್ಲಿ ತಡವಾಯಿತೆಂದು ಗಂಡ ಹೇಳಿದರೆ ಆ ಹುಬ್ಬು ‘ಹೌದಾ?’ ಎನ್ನುತ್ತಿತ್ತು. ಪಾಪ, ಹೆಂಡತಿ ಅನ್ನ ಬಡಿಸುವುದರ ಬಗ್ಗೆಯಷ್ಟೇ ಯೋಚಿಸುತ್ತಿದ್ದಳು. ಅವನು ಮಾತ್ರ ಕೇಳದಿದ್ದುದನ್ನೂ ಒಪ್ಪಿಕೊಂಡುಬಿಡುತ್ತಿದ್ದ.

ಹೀಗಿರುವಾಗ ಎದುರುಗಡೆ ಇನ್ನೊಂದು ಪಾರ್ಲರು ತೆರೆಯಿತು, ಇತ್ತ ನಾದಿನಿಗೆ ಮದುವೆ ಗೊತ್ತಾಯಿತು. ಮನೆಯ ಮದುಮಗಳೇ ಸಿಂಗಾರಕ್ಕೆ ರಸ್ತೆ ದಾಟಿದರೆ ಅತ್ತಿಗೆ ಅಂಗಡಿಗೆ ಬೀಗ ಹಾಕಿದಂತೆಯೇ. ನಾದಿನಿ ಒಂದು ಸಂಜೆ ಮೆಲ್ಲಗೆ ಬಂದು ಕುರ್ಚಿಯ ಕೈ ಸವರುತ್ತಾ ನಿಂತಳು.

“ಅತ್ತಿಗೆ, ಬೇಜಾರು ಮಾಡ್ಕೋಬೇಡಿ. ಮದುವೆ ದಿನ ಗಂಡನ್ನ ಅನುಮಾನದಿಂದ ನೋಡೋಕಾಗಲ್ಲ ನಂಗೆ. ಅದಕ್ಕೆ ಆಮೇಲೆ ಬೇಕಾದಷ್ಟು ಟೈಮಿದೆ.”

ಅತ್ತಿಗೆ ನಕ್ಕಳು. ನಾದಿನಿ ಹೋದ ಮೇಲೆ ಕುರ್ಚಿಯಲ್ಲಿ ತಾನೇ ಕೂತು, ಮುಖದ ಮೇಲೆ ಕೈ ಅಡ್ಡ ಹಿಡಿದು, ನೆರಳು ಎಲ್ಲೆಲ್ಲಿ ಬೀಳುತ್ತದೆಂದು ನೋಡಿದಳು. ಇಷ್ಟು ದಿನ ಅವಳು ಆ ಕುರ್ಚಿಯಲ್ಲಿ ಒಮ್ಮೆಯೂ ಕೂತಿರಲಿಲ್ಲ.

ಮರುದಿನ ನಾದಿನಿಯನ್ನು ಎಳೆದುಕೊಂಡೇ ಲೈಟಿನ ಅಂಗಡಿಗೆ ಹೋದಳು. ಬಿಳಿ ಬಲ್ಬು ಕೇಳಿದರೆ ಅಂಗಡಿಯವನು ಯಾವ ಬಿಳಿ ಎಂದ. ಒಂದು ಬಿಳಿಯಲ್ಲಿ ನಾದಿನಿ ಜ್ವರದಿಂದ ಎದ್ದವಳಂತೆ ಕಂಡಳು, ಇನ್ನೊಂದರಲ್ಲಿ ಅರಿಶಿನದ ಬೇರಿನಂತೆ. ಪ್ರತಿ ಬಲ್ಬನ್ನೂ ಅವಳ ಕೆನ್ನೆಯ ಪಕ್ಕ ಹಿಡಿಸಿ, ಕೂಡಲೇ ಅವಳನ್ನು ಬೀದಿಯ ಬಿಸಿಲಿಗೆ ಕರೆದೊಯ್ದು ಅತ್ತಿಗೆ ತಾಳೆ ನೋಡುತ್ತಿದ್ದಳು. ಬಲ್ಬಿಗೆ ಹೆಣ್ಣು ತೋರಿಸುವುದನ್ನು ಇದೇ ಮೊದಲು ನೋಡಿದ್ದು ಎಂದು ಅಂಗಡಿಯವನು ಅಂದ. ಕೊನೆಗೆ ಒಳಗೂ ಹೊರಗೂ ಒಂದೇ ಮುಖ ಕಾಣಿಸಿದ ಬಿಳಿಯನ್ನು ಆರಿಸಿ, ಎರಡು ಉದ್ದ ದೀಪ ತಂದು ಕನ್ನಡಿಯ ಎಡಬಲಕ್ಕೆ, ಕೂತವರ ಮುಖದ ಎತ್ತರಕ್ಕೆ ಹಾಕಿಸಿದಳು. ಗೊಂಚಲು ಇಳಿಯುವಾಗ ಗಂಡ ಹೆತ್ತ ಮಗುವನ್ನು ಹಾಸ್ಟೆಲ್ಲಿಗೆ ಕಳಿಸುವವನಂತೆ ನಿಂತಿದ್ದ.

ಹೊಸ ಬೆಳಕಿನಲ್ಲಿ ಅತ್ತಿಗೆಗೆ ಮೊದಲು ಕಂಡದ್ದು ತನ್ನದೇ ತಪ್ಪು. ಆಮೇಲೆ ಬಂದ ಗಿರಾಕಿಗಳಿಗೆಲ್ಲ ಒಂದೇ ಮಾತು: ಎಡಹುಬ್ಬು ಮುಟ್ಟುವುದಿಲ್ಲ, ಬೆಳೆಯಲಿ, ಹೋಗಿಬನ್ನಿ. ಲೈಟು ಹಾಕಿಸಿ ಕೆಲಸ ನಿಲ್ಲಿಸಿದ ಪಾರ್ಲರು ಲೋಕದಲ್ಲಿ ಇದೊಂದೇ ಎಂದು ಗಂಡ ಊಟದ ಹೊತ್ತಿಗೆಲ್ಲ ನೆನಪಿಸಿದ. ಸಹನೆಯಿಲ್ಲದವರು ಎದುರುಗಡೆ ಹೋದರು. ಅಲ್ಲಿಯವಳು ಜಾಣೆ. ಬಲಹುಬ್ಬನ್ನೂ ಅಷ್ಟೇ ಮೇಲಕ್ಕೆತ್ತಿ ಸಮ ಮಾಡಿದಳು. ಹೋಗುವಾಗ ಅನುಮಾನದಲ್ಲಿದ್ದವರು ಬರುವಾಗ ಆಶ್ಚರ್ಯದಲ್ಲಿದ್ದರು. ಗಂಡ ಉಪ್ಪು ಕೇಳಿದರೂ ಎರಡು ಹುಬ್ಬೂ ಏರಿರುತ್ತಿದ್ದವು.

ನಾದಿನಿಯ ಗೆಳತಿಯರು ಅವಳನ್ನೂ ಎಳೆದರು. ಬೆಳೆಯುವ ಹುಬ್ಬು ನೋಡಲು ಚೆನ್ನಾಗಿರುವುದಿಲ್ಲ. ಗದ್ದೆಯ ಬದಿಯ ಹುಲ್ಲಿನಂತೆ ಅಲ್ಲೊಂದು ಇಲ್ಲೊಂದು. ಅವಳು ಎದುರಿನ ಬಾಗಿಲವರೆಗೆ ಹೋಗಿ ಬಂದದ್ದನ್ನು ಅತ್ತಿಗೆ ಪರದೆಯ ಸಂದಿಯಿಂದ ನೋಡಿದಳು. ಕರೆಯಲಿಲ್ಲ. ಕೈಯಲ್ಲಿದ್ದ ದಾರವನ್ನು ಬೆರಳಿಗೆ ಸುತ್ತಿ ಬಿಚ್ಚಿ ಸುತ್ತಿದಳು.

ಮದುವೆಯ ಬೆಳಿಗ್ಗೆ ನಾದಿನಿ ಬಂದು ಕುರ್ಚಿಯಲ್ಲಿ ಕೂತು ಕಣ್ಣು ಮುಚ್ಚಿದಳು. ಅತ್ತಿಗೆ ಎರಡೂ ದೀಪ ಹಾಕಿದಳು. ಅಂಚಿನಲ್ಲಿ ನಾಲ್ಕಾರು ಕೂದಲು ತೆಗೆದಳು, ಅಷ್ಟೇ. ತೆಳುವಾಗಿ ಬಣ್ಣ ಹಚ್ಚಿ ಪಕ್ಕಕ್ಕೆ ಸರಿದಳು.

ನಾದಿನಿ ಕನ್ನಡಿಯಲ್ಲಿ ತುಂಬ ಹೊತ್ತು ಹುಡುಕಿದಳು.

“ಇಷ್ಟೇನಾ? ನಾನೇ ಇದ್ದೀನಲ್ಲ ಅತ್ತಿಗೆ ಇಲ್ಲಿ.”

“ಮತ್ತೆ ಅವರು ನೋಡಿ ಒಪ್ಪಿದ್ದು ಯಾರನ್ನೇ?” ಎಂದಳು ಅತ್ತಿಗೆ. “ಅಳಬೇಡ ಈಗ. ಈ ಬೆಳಕಲ್ಲಿ ಎಲ್ಲಾ ಕಾಣುತ್ತೆ.”