ನನ್ನ ಗುರಿಯ ಚಕ್ಕುಬಂದಿ

ನನ್ನ ಜೀವನದ ಗುರಿಗೆ ಚಕ್ಕುಬಂದಿ ಇದೆ. ಹೊಲಕ್ಕಿರುತ್ತದಲ್ಲ, ಮೂಡಣಕ್ಕೆ ಇಂಥವರ ಬದು, ಪಡುವಣಕ್ಕೆ ಹಳ್ಳ, ಹಾಗೆ. ನಿಮ್ಮ ಗುರಿಗೆ ಅದಿಲ್ಲದಿದ್ದರೆ ಜೋಪಾನ, ಯಾರಾದರೂ ಒತ್ತಿಕೊಂಡಾರು.

ನಿಜಾಮರ ಕಾಲ. ಕಮಲಾಪುರದಿಂದ ಬಂದು ಕಲಬುರಗಿಯ ಕಾಲೇಜು ಸೇರಿದ ಮೊದಲ ವಾರವೇ ಒಂದು ಉರ್ದು ಫಾರಂ ಕೈಗೆ ಬಂತು. ಎರಡೇ ಪ್ರಶ್ನೆ: ಮುಂದೆ ಏನಾಗುತ್ತೀ? ಪಾಠ ಮುಗಿದ ಮೇಲೆ ಏನು ಮಾಡುತ್ತೀ? ಎರಡನೆಯದಕ್ಕೆ ನನ್ನ ಉತ್ತರ ಸಿದ್ಧವಿತ್ತು: ಹಾಕಿ. ಆಟದ ಮೇಲಿನ ಪ್ರೀತಿಯಿಂದಲ್ಲ. ಆಡುವವರಿಗೆ ಬೂಟು ಕೊಡುತ್ತಿದ್ದರು. ಮೊದಲನೆಯದಕ್ಕೆ ಏನೂ ತೋಚಲಿಲ್ಲ. ಅಪ್ಪನಿಗೆ ಮಾತ್ರ ತೋಚಿತ್ತು. ಮಗ ತಹಸೀಲ್ದಾರನಾಗಬೇಕು, ಆಟಗೀಟ ಎಂದರೆ ಓದು ಬಿಡಿಸಿ ಬಾಳೆತೋಟಕ್ಕೆ ಹಚ್ಚುವುದೇ ಸೈ. ನಮ್ಮೂರ ಕೆಂಪು ಬಾಳೆ ತಿನ್ನಲು ಎಷ್ಟು ರುಚಿಯೋ, ಅದಕ್ಕೆ ನೀರು ಹಾಯಿಸುವುದು ಅಷ್ಟೇ ಬೇಸರ. ಹೀಗಾಗಿ ನನ್ನ ಓದು, ಬೂಟು ಎರಡೂ ಆ ಕಾಗದವನ್ನೇ ನಂಬಿಕೊಂಡಿದ್ದವು.

ಸರಕಾರಕ್ಕೆ ಹೋಗುವ ಕಾಗದವನ್ನು ನಮ್ಮ ಕಡೆ ಓದುಬಲ್ಲವನೂ ಸ್ವಂತ ಕೈಯಿಂದ ಬರೆಯುವುದಿಲ್ಲ. ಕಚೇರಿಯ ಬೇವಿನ ಮರದಡಿ ಕೂತು ಅರ್ಜಿ ಬರೆದುಕೊಡುವವರ ಬಳಿ ಹೋಗುವುದು ರಿವಾಜು. ನಾನೂ ಹೋದೆ. ಅಲ್ಲಿನ ಮೌಲಾಸಾಬರು ಜನ್ಮವಿಡೀ ಹೊಲದ ತಂಟೆಗಳನ್ನೇ ಬರೆದವರು. ಕನ್ನಡಕ ಏರಿಸಿ ಎದುರು ಪಾರ್ಟಿ ಯಾರೆಂದು ಕೇಳಿದರು. ಯಾರೂ ಇಲ್ಲ, ತಹಸೀಲ್ದಾರನಾಗು ಎಂಬ ಒತ್ತಾಯವೊಂದಿದೆ ಅಷ್ಟೇ ಎಂದೆ.

“ಎದುರು ಪಾರ್ಟಿ ಇಲ್ದ ಅರ್ಜಿ ನಡೆಂಗಿಲ್ಲ ತಮ್ಮಾ. ತಹಸೀಲ್ದಾರ ಆಗಂತ ನಿನ್ನ ಬೆನ್ನ ಹತ್ತಿದಾಂವ ಯಾರ?”

ಅಪ್ಪ ಎಂದೆ. ಬರೆದುಕೊಂಡರು. ಗುರಿ ಎಷ್ಟು ವರ್ಷದಿಂದ ನಿನ್ನ ಕಬ್ಜಾದಲ್ಲಿದೆ, ಅದರ ಚಕ್ಕುಬಂದಿ ಏನು ಎಂದರು. ತಬ್ಬಿಬ್ಬಾಗಿ ಬಾಯಿಗೆ ಬಂದದ್ದು ಹೇಳಿದೆ: ಮೂಡಣಕ್ಕೆ ಗಣಿತ, ಪಡುವಣಕ್ಕೆ ಅಪ್ಪ, ತೆಂಕಣಕ್ಕೆ ಸೋದರಮಾವನ ಮಗಳು, ಬಡಗಣಕ್ಕೆ ಹಾಕಿ ಮೈದಾನ. ಮೌಲಾಸಾಬರು ಒಂದಕ್ಷರ ಬಿಡದೆ ಬರೆದರು.

ಶುಕ್ರವಾರದ ರಜೆ ಕಳೆದ ಮೇಲೆ ಪ್ರಿನ್ಸಿಪಾಲರು ಅದನ್ನು ಓದಿದರು. ನಗಲಿಲ್ಲ. ವಕೀಲಿ ಓದಿ ಮೇಷ್ಟ್ರಾದವರು, ಹಳೆಯ ಆಸೆ ಕೆರಳಿರಬೇಕು. ಎದುರು ಪಾರ್ಟಿ ಹಾಜರಾಗಲಿ ಎಂದು ಕಮಲಾಪುರಕ್ಕೆ ಚೀಟಿ ಕಳಿಸಿದರು. ಅಪ್ಪ ಒಂದು ಬಾಳೆಗೊನೆ, ಇಬ್ಬರು ಸಾಕ್ಷಿದಾರರ ಸಮೇತ ಗಾಡಿ ಕಟ್ಟಿಕೊಂಡು ಬಂದ. ಯಾವುದಕ್ಕೆ ಸಾಕ್ಷಿ ಎಂದು ಗೊತ್ತಿಲ್ಲದೆ ಅವರಿಬ್ಬರೂ, ಈತ ಯಾರ ಬದುವನ್ನೂ ಒತ್ತಿಲ್ಲ ಎಂದು ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡಿದ್ದರು.

ಮಗ ತಹಸೀಲ್ದಾರನೇ ಯಾಕಾಗಬೇಕು ಎಂದು ಪ್ರಿನ್ಸಿಪಾಲರು ಉರ್ದುವಿನಲ್ಲಿ ಕೇಳಿದರು. ಅಪ್ಪ ಕನ್ನಡದಲ್ಲಿ ಉತ್ತರಿಸಿದ. ನಮ್ಮ ಕಡೆ ಹಾಗೆಯೇ, ಇಬ್ಬರಿಗೂ ತಿಳಿಯುತ್ತದೆ.

“ಒಮ್ಮಿ ಕಚೇರ್ಯಾಗ ಮುಂಜಾನಿಂದ ಸಂಜಿ ತನಕ ನಿಂತಿದ್ದೆರಿ. ಕುಂದ್ರು ಅಂತ ಯಾರೂ ಅನ್ಲಿಲ್ಲ. ಆ ಕುರ್ಚಿ ಮ್ಯಾಲ ಕುಂತಾಂವ ಒಬ್ಬನಾರ ಹಂಗ ಅನ್ಲಿ ಅಂತ ಇವನ್ನ ಓದ್ಸಾಕತ್ತೀನಿ.”

ನನಗೆ ಬೂಟಿನ ನೆನಪಾಗಿ ನಾಚಿಕೆಯಾಯಿತು. ಪ್ರಿನ್ಸಿಪಾಲರು ಥಟ್ಟನೆ ಎದ್ದು ಕುರ್ಚಿ ತೋರಿಸಿದರು. ಅಪ್ಪ ಅದರ ಮೇಲೆ ಬಾಳೆಗೊನೆ ಇಟ್ಟು, ತಾನು ಪಕ್ಕದಲ್ಲೇ ನಿಂತ.

ತೀರ್ಪು ಬಂತು: ಹಾಕಿ ಮಂಜೂರು, ಗುರಿಗೆ ಮುಂದಿನ ತಾರೀಖು. ತಾರೀಖು ಸಿಕ್ಕರೆ ಸೋತಂತಲ್ಲ ಎಂದು ಬಲ್ಲ ಅಪ್ಪ ಖುಷಿಯಿಂದಲೇ ಗಾಡಿ ಹತ್ತಿದ.

ತಹಸೀಲ್ದಾರ ನಾನಾಗಲಿಲ್ಲ. ಮೂಡಣದ ಗಣಿತ ಒಳಗೆ ನುಗ್ಗಿ ಗುರಿಯನ್ನು ಒತ್ತಿಕೊಂಡಿತು. ಕಚೇರಿಯೊಂದರಲ್ಲಿ ಗುಮಾಸ್ತನಾದೆ. ಆದರೆ ಬಂದವರಿಗೆಂದು ನನ್ನ ಮೇಜಿನ ಮುಂದೆ ಒಂದು ಕುರ್ಚಿ ಹಾಕಿಸಿದೆ. ಒಂದು ದಿನ ಯಾರೋ ಬಂದು ನಿಂತಂತಾಯಿತು. ಕಾಗದದಿಂದ ತಲೆ ಎತ್ತದೆ, ರೂಢಿಯಂತೆ, “ಕುಂದರ್ರಿ” ಎಂದೆ. ಕುರ್ಚಿಯ ಸದ್ದಾಗಲಿಲ್ಲ. ತಲೆ ಎತ್ತಿದರೆ ಅಪ್ಪ, ಕೈಯಲ್ಲಿ ಬಾಳೆಗೊನೆ. ನಾನು ಯಾರಿಗೆ ಹೇಳಿದೆನೆಂದು ಹಿಂದೆ ತಿರುಗಿ ನೋಡುತ್ತಿದ್ದ.

ಎದ್ದು ಹೋಗಿ ಹೆಗಲು ಹಿಡಿದು ಕೂರಿಸಿದೆ. ಕೂತ, ಬಾಳೆಗೊನೆಯನ್ನು ತೊಡೆಯ ಮೇಲೆ ಇಟ್ಟುಕೊಂಡ.